ಸಾರಾ ಅಬೂಬಕ್ಕರ್: ಯಾವುದರಿಂದ ಶುರು ಮಾಡೋದು?

ಮಂಗಳೂರಿನ ಮುಸ್ಲಿಂ ಲೇಖಕಿಯರಲ್ಲಿ ಮೊದಲು ಯಾರನ್ನು ಓದಲಿ, ಸಾರಾ ಅವರ ಆತ್ಮಕಥೆಯಿಂದಲೇ ಶುರು ಮಾಡಬಹುದಾ ಅಂತ ಕೇಳಿದ್ದೀರಿ. ಸಾರಾ ಸರಿ, ಆತ್ಮಕಥೆ ಈಗಲೇ ಬೇಡ ಮಾರಾಯ್ರೆ.

'ಚಂದ್ರಗಿರಿಯ ತೀರದಲ್ಲಿ' ತಗೊಳ್ಳಿ. 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಸಣ್ಣ ಪುಸ್ತಕ, ಬೇಗ ಮುಗಿಯುತ್ತದೆ. ಗಂಡನ ಜೊತೆ ಚೆನ್ನಾಗಿಯೇ ಇದ್ದ ನಾದಿರಾಳನ್ನು ಅಪ್ಪನ ಹಟ ತಲಾಖ್‌ವರೆಗೆ ಎಳೆಯುತ್ತದೆ. ಮತ್ತೆ ಅದೇ ಗಂಡನನ್ನು ಸೇರಬೇಕೆಂದರೆ ಮೊದಲು ಇನ್ನೊಬ್ಬನನ್ನು ಮದುವೆಯಾಗಿ, ಅವನಿಂದಲೂ ತಲಾಖ್ ಪಡೆಯಬೇಕು. ಮುಂದಿನದ್ದು ಹೇಳುವುದಿಲ್ಲ, ಓದಿ. ಭಾಷೆಯಲ್ಲಿ ಅಲಂಕಾರ ಕಮ್ಮಿ. ಕೆಲವರಿಗೆ ಅದು ಸಪ್ಪೆ ಅನಿಸುತ್ತದೆ, ನನಗೆ ಅದೇ ಅದರ ಬಲ.

ಅಂದ ಹಾಗೆ, ಅವರು ಬದುಕಿದ್ದು ಮಂಗಳೂರಿನಲ್ಲಾದರೂ ಹುಟ್ಟಿದ್ದು ಕಾಸರಗೋಡಿನಲ್ಲಿ, ಮನೆಮಾತು ಮಲಯಾಳಂ. ಹಾಗಾಗಿ ಈ ಕಾದಂಬರಿಯಲ್ಲಿ ಮಂಗಳೂರಿನ ಹಂಪನಕಟ್ಟೆ, ಬಂದರು ಹುಡುಕಬೇಡಿ. ಕತೆ ನಡೆಯುವುದು ಕಾಸರಗೋಡಿನ ಚಂದ್ರಗಿರಿ ಹೊಳೆಯ ಆಚೀಚೆ.

ಆಮೇಲೆ 'ವಜ್ರಗಳು' ಕಾದಂಬರಿ. ಸಣ್ಣಕತೆ ಇಷ್ಟವಾದರೆ 'ಚಪ್ಪಲಿಗಳು'. ಆತ್ಮಕಥೆ 'ಹೊತ್ತು ಕಂತುವ ಮುನ್ನ' ಕೊನೆಗಿರಲಿ. ಕಾದಂಬರಿ ಓದಿದ ಮೇಲೆ ಅದರ ರುಚಿ ಜಾಸ್ತಿ. ಹೊಸ ಪ್ರತಿ ಸಿಗದಿದ್ದರೆ ಲೈಬ್ರರಿಯಲ್ಲಿ ಕೇಳಿ ನೋಡಿ.