ಮಣ್ಣೆತ್ತು, ಚೌಕಳಿ ವಹಿ ಮತ್ತು ಚಿತ್ರಕಲೆಯ ಅವಧಿ

ಪ್ರಶ್ನೆ: ನಾನು ಗದಗ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮಲ್ಲಿ ಚಿತ್ರಕಲಾ ಶಿಕ್ಷಕರಿಲ್ಲ, ಬಣ್ಣ ಮತ್ತು ಹಾಳೆಗೆ ಹಣವೂ ಸಾಲದು. ಚಿತ್ರ ಬರೆಯಿರಿ ಎಂದರೆ ಎಲ್ಲ ಮಕ್ಕಳೂ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಮನೆ ಬರೆದುಕೊಡುತ್ತಾರೆ. ಒಂದರಿಂದ ಐದನೆಯ ತರಗತಿಯವರಿಗೆ ಏನು ಮಾಡಿಸಬಹುದು?

ಉತ್ತರ: ಆ ಎರಡು ಗುಡ್ಡಗಳನ್ನು ಮಕ್ಕಳು ಕಂಡಿಲ್ಲ; ಯಾರೋ ಹಿರಿಯರು ಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ನೆನಪಿಟ್ಟುಕೊಂಡಿದ್ದಾರೆ. ನಿಮ್ಮ ಊರಿನ ಮಗು ದಿನವೂ ಕಾಣುವುದು ಎರೆಹೊಲ, ಜಾಲಿಗಿಡ, ಗಾಳಿಯಂತ್ರದ ರೆಕ್ಕೆ, ದೂರದಲ್ಲಿ ಕಪ್ಪತಗುಡ್ಡದ ಉದ್ದನೆಯ ಬೆನ್ನು. ಅವು ಹಾಳೆಗೆ ಬರಬೇಕಾದರೆ ಮೊದಲು ಕೈ ಮತ್ತು ಕಣ್ಣು ಸಡಿಲವಾಗಬೇಕು. ಅದಕ್ಕಾಗಿ ಕೆಲವು ದಿನ ಹಾಳೆಯನ್ನು ಬದಿಗಿಟ್ಟು ಮಣ್ಣಿನಿಂದ ಆರಂಭಿಸಿ ಎಂಬುದು ನನ್ನ ಸಲಹೆ.

ಶಾಲೆ ಆರಂಭವಾದ ಕೆಲವೇ ವಾರಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಎತ್ತು ಮಾಡುವುದನ್ನು ಮನೆಯಲ್ಲಿ ನೋಡಿರದ ಮಗು ನಿಮ್ಮ ತರಗತಿಯಲ್ಲಿ ಬಹುಶಃ ಇರಲಿಕ್ಕಿಲ್ಲ. ನಾನು ಮೊದಲ ಸಲ ಮಾಡಿಸಿದಾಗ ಹೊಲದ ಎರೆಮಣ್ಣನ್ನೇ ಬಳಸಿದ್ದೆ; ಮರುದಿನ ಬೆಳಿಗ್ಗೆ ಬಂದು ನೋಡಿದರೆ ಎತ್ತುಗಳೆಲ್ಲ ಸೀಳಿದ್ದವು. ಆ ಮಕ್ಕಳ ಮುಖ ನನಗೆ ಇಂದಿಗೂ ನೆನಪಿದೆ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಅಷ್ಟೇ ಕುಗ್ಗುತ್ತದೆ. ಬೇಸಿಗೆಯ ಹೊಲದಲ್ಲಿ ಬಿರುಕು ಬಿಡುವ ಹಾಗೆಯೇ ಎತ್ತಿನ ಮೈಯಲ್ಲೂ ಬಿರುಕು ಬಿಡುತ್ತದೆ. ಆದ್ದರಿಂದ ಕೆರೆಯ ಜಿಗುಟು ಮಣ್ಣನ್ನು ಸೋಸಿ, ಮೂರು ಪಾಲು ಮಣ್ಣಿಗೆ ಒಂದು ಪಾಲು ಸಣ್ಣ ಉಸುಕು ಮತ್ತು ಒಂದು ಹಿಡಿ ಹೊಟ್ಟು ಸೇರಿಸಿ, ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ರೊಟ್ಟಿಯ ಹಿಟ್ಟಿನಂತೆ ನಾದಿಸಿ. ಕಾಲುಗಳನ್ನು ಬೇರೆಯಾಗಿ ಮಾಡಿ ಅಂಟಿಸುವುದಕ್ಕಿಂತ ಒಂದೇ ಮುದ್ದೆಯಿಂದ ಎಳೆದು ತೆಗೆದರೆ ಮುರಿಯುವುದು ಕಡಿಮೆ. ಕೊಂಬನ್ನು ಅಂಟಿಸಲೇಬೇಕೆಂದರೆ ಎರಡೂ ಕಡೆ ಕಡ್ಡಿಯಿಂದ ಗೀರಿ, ತೆಳುವಾದ ರಾಡಿ ಹಚ್ಚಿ ಒತ್ತಬೇಕು. ಒಣಗುವುದು ನೆರಳಿನಲ್ಲಿಯೇ ಆಗಲಿ.

ಎತ್ತು ಮುಗಿದ ಮೇಲೆ ಆಷಾಢದ ಮಂಗಳವಾರಗಳಂದು ಮಣ್ಣಿನಲ್ಲಿ ಮಾಡಿ ಪೂಜಿಸುವ ಗುಳ್ಳವ್ವ ಇದ್ದಾಳೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಗುಳ್ಳವ್ವನ ಅಲಂಕಾರಕ್ಕೆ ಗುಲಗಂಜಿ ಬಳಸುವ ರೂಢಿ ಹಲವು ಕಡೆ ಇದೆ, ಆದರೆ ಆ ಬೀಜ ತೀವ್ರವಾದ ವಿಷ. ಒಡೆದ ಅಥವಾ ಅಗಿದ ಬೀಜ ಹೊಟ್ಟೆಗೆ ಹೋದರೆ ಜೀವಕ್ಕೇ ಅಪಾಯ. ಸಣ್ಣ ಮಕ್ಕಳಿರುವ ತರಗತಿಗೆ ಅದನ್ನು ತರಲೇಬೇಡಿ. ಕುಸುಬಿ, ಜೋಳ, ಅಲಸಂದಿ ಕಾಳುಗಳು ಸಾಕು.

ಬಣ್ಣಕ್ಕೆ ಕೆಮ್ಮಣ್ಣು, ಅರೆದ ಇದ್ದಲಿ ಮತ್ತು ಅರಿಸಿನವನ್ನು, ಹಿಂದಿನ ರಾತ್ರಿ ನೆನೆಯಿಟ್ಟ ಜಾಲಿಯ ಅಂಟಿನಲ್ಲಿ ಕಲಸಿಕೊಳ್ಳಬಹುದು. ಅರಿಸಿನಕ್ಕೆ ಸುಣ್ಣದ ತಿಳಿ ಬಿದ್ದೊಡನೆ ಅದು ಕೆಂಪಾಗುವುದನ್ನು ಮಕ್ಕಳು ಬೆರಗಿನಿಂದ ನೋಡುತ್ತಾರೆ. ಸುಣ್ಣ ಚರ್ಮವನ್ನೂ ಕಣ್ಣನ್ನೂ ಸುಡುವುದರಿಂದ ಅದನ್ನು ನೀವೇ ಮಾಡಿ ತೋರಿಸಿ. ಅರಿಸಿನದ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ, ಕೆಮ್ಮಣ್ಣು ಮಾಸುವುದಿಲ್ಲ. ಒಂದು ಹಾಳೆಯ ಅರ್ಧವನ್ನು ಮುಚ್ಚಿ ಕಿಟಕಿಯಲ್ಲಿಟ್ಟರೆ ಮಕ್ಕಳು ಇದನ್ನು ತಾವೇ ಕಂಡುಕೊಳ್ಳುತ್ತಾರೆ.

ಪ್ರಶ್ನೆ: ಧಾರವಾಡದ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಆರರಿಂದ ಎಂಟನೆಯ ತರಗತಿಗೆ ಕಸೂತಿ ಪರಿಚಯಿಸಬೇಕೆಂದಿದ್ದೇನೆ. ಹುಡುಗರು ಅದು ಹೆಣ್ಣುಮಕ್ಕಳ ಕೆಲಸವೆಂದು ಹಿಂದೆ ಸರಿಯುತ್ತಾರೆ. ಏನು ಮಾಡಲಿ?

ಉತ್ತರ: ಸೂಜಿಯನ್ನು ಆಮೇಲೆ ಕೊಡಿ, ಮೊದಲು ಗಣಿತದ ಚೌಕಳಿ ವಹಿಯನ್ನು ತೆರೆಸಿ. ಕಸೂತಿ ಎಣಿಕೆಯ ಕಲೆ. ಬಟ್ಟೆಯ ಮೇಲೆ ಗೀಟು ಹಾಕಿಕೊಳ್ಳದೆ, ಎಳೆಗಳನ್ನು ಎಣಿಸುತ್ತಲೇ ಸೂಜಿ ಸಾಗುತ್ತದೆ. ಗವಂತಿ, ಮುರ್ಗಿ, ನೇಗಿ, ಮೆಂತ್ಯೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿಯನ್ನು ಮೊದಲು ಆರಿಸಿಕೊಳ್ಳಿ. ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆಗೆ ಹೊಲಿಗೆ ಬೀಳುತ್ತದೆ, ಮರಳುವಾಗ ಬಿಟ್ಟ ಮನೆಗಳು ತುಂಬುತ್ತವೆ. ಹೀಗಾಗಿ ಗಂಟಿಲ್ಲದೆ, ಬಟ್ಟೆಯ ಎರಡೂ ಮಗ್ಗುಲಲ್ಲಿ ಚಿತ್ತಾರ ಒಂದೇ ತೆರನಾಗಿ ಕಾಣುತ್ತದೆ. ವಹಿಯಲ್ಲಿ ಹೋಗುವ ದಾರಿಯನ್ನು ಕೆಂಪು ಪೆನ್ನಿನಿಂದಲೂ ಮರಳುವ ದಾರಿಯನ್ನು ನೀಲಿ ಪೆನ್ನಿನಿಂದಲೂ ಬರೆಸಿ. ತುಳಸಿಕಟ್ಟೆ, ತೇರು, ಗೋಪುರದಂತಹ ಚಿತ್ತಾರಗಳಲ್ಲಿ ಕವಲು ಬಂದ ಕಡೆ ಎತ್ತ ಹೋಗಿ ಹೇಗೆ ಮರಳಬೇಕೆಂಬುದು ನಿಜವಾದ ಒಗಟು. ಅದನ್ನು ಬಿಡಿಸಲು ಹುಡುಗರು ಹುಡುಗಿಯರೆನ್ನದೆ ಎಲ್ಲರೂ ಬಗ್ಗಿ ಕೂಡುವುದನ್ನು ನಾನು ಕಂಡಿದ್ದೇನೆ. ಬೆಟಗೇರಿಯ ಕೈಮಗ್ಗಗಳಲ್ಲಿ ಗಂಡಸರೂ ಎಳೆ ಎಣಿಸುತ್ತಾರೆ ಎಂಬುದನ್ನೂ ಅವರಿಗೆ ತಿಳಿಸಿ.

ಹಳೆಯ ಚಿತ್ತಾರಗಳು ಕೈಗೆ ಹತ್ತಿದ ಮೇಲೆ ಪ್ರತಿಯೊಬ್ಬರೂ ತಮ್ಮ ಓಣಿಯಿಂದ ಒಂದನ್ನು ಚೌಕಳಿಗೆ ತರಲಿ. ನನ್ನ ವಿದ್ಯಾರ್ಥಿಯೊಬ್ಬ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸನ್ನು ತಂದಿದ್ದ. ಅದರ ಗಾಲಿಗಳನ್ನು ನೇರ ಗೆರೆ ಮತ್ತು ಓರೆ ಗೆರೆಗಳಲ್ಲಿ ಎಂಟು ಮೂಲೆಯಾಗಿ ಬಿಡಿಸಲು ಅವನಿಗೆ ಎರಡು ವಾರ ಹಿಡಿಯಿತು. ಎಳೆ ಎಣಿಸಲು ಸುಲಭವಾಗುವ ದಪ್ಪ ನೇಯ್ಗೆಯ ಬಟ್ಟೆ ಮತ್ತು ಮೊಂಡು ತುದಿಯ ಸೂಜಿಯನ್ನು ಅದಾದ ನಂತರ ಕೊಟ್ಟರೆ ಸಾಕು.

ಪ್ರಶ್ನೆ: ಹಾವೇರಿಯಿಂದ ಮಕ್ಕಳನ್ನು ಲಕ್ಕುಂಡಿಗೆ ಕರೆದೊಯ್ಯುತ್ತಿದ್ದೇವೆ. ಕೆತ್ತನೆಯ ಮೇಲೆ ಹಾಳೆಯಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಸಬಹುದೇ?

ಉತ್ತರ: ದಯವಿಟ್ಟು ಬೇಡ. ಅದು ಸಂರಕ್ಷಿತ ಸ್ಮಾರಕ, ಕಲ್ಲು ಮೃದುವಾದ ಬಳಪದ ಕಲ್ಲು. ಉಜ್ಜಿದರೆ ಕಲೆಯೂ ಉಳಿಯುತ್ತದೆ, ಅಂಚೂ ಸವೆಯುತ್ತದೆ. ಅಚ್ಚು ತೆಗೆಯುವ ಆಟಕ್ಕೆ ಶಾಲೆಯ ಅಂಗಳದ ಎಲೆಗಳಿವೆ. ಲಕ್ಕುಂಡಿಯಲ್ಲಿ ಕಾಶಿವಿಶ್ವೇಶ್ವರ ಗುಡಿಯ, ತಿರುಗಣಿಯಲ್ಲಿ (ಕಲ್ಲನ್ನು ಸುತ್ತಿಸುತ್ತ ಕಡೆಯುವ ಸಾಧನದಲ್ಲಿ) ಕಡೆದ ಕಂಬಗಳ ಮುಂದೆ ಮಕ್ಕಳನ್ನು ಕೂರಿಸಿ. ಹಾಳೆಯನ್ನು ಉದ್ದಕ್ಕೆ ಮಡಚಿ, ಮಡಿಕೆಯೇ ಕಂಬದ ನಡುಗೆರೆಯೆಂದು ಭಾವಿಸಿ, ಒಂದು ಮಗ್ಗುಲಿನ ಏರಿಳಿತವನ್ನಷ್ಟೇ ಬರೆಯಲು ಹೇಳಿ. ಶಾಲೆಗೆ ಮರಳಿದ ಮೇಲೆ ಆ ಗೆರೆಗುಂಟ ಕತ್ತರಿಸಿ ಬಿಡಿಸಿದರೆ ಇಡೀ ಕಂಬ ಕೈಯಲ್ಲಿರುತ್ತದೆ. ತಿರುಗಣಿಯಲ್ಲಿ ಸುತ್ತಿದ ಕಲ್ಲಿನ ಎರಡೂ ಮಗ್ಗುಲು ಏಕೆ ಸರಿಸಮ ಎಂಬುದು ಕತ್ತರಿ ಹಿಡಿದ ಮಗುವಿಗೆ ಬೇಗ ಹೊಳೆಯುತ್ತದೆ.

ಪ್ರಶ್ನೆ: ಶಾಲೆಯ ಪ್ರದರ್ಶನಕ್ಕೆ ಮಗನ ಮಣ್ಣಿನ ಎತ್ತನ್ನು ನಾವೇ ಸ್ವಲ್ಪ ತಿದ್ದಿ ಕಳಿಸಬಹುದೇ? ಉಳಿದ ಪಾಲಕರು ಹಾಗೆಯೇ ಮಾಡುತ್ತಾರೆ.

ಉತ್ತರ: ತಿದ್ದಬೇಡಿ. ಡುಬ್ಬ ಓರೆಯಾಗಿರಲಿ, ಕೊಂಬು ಒಂದು ಗಿಡ್ಡವಾಗಿರಲಿ, ಹಾಗೆಯೇ ಕಳಿಸಿ. ನೀವು ತಿದ್ದಿದ ಕ್ಷಣದಿಂದ ಆ ಎತ್ತು ಅವನದಾಗಿ ಉಳಿಯುವುದಿಲ್ಲ, ಅದು ಅವನಿಗೂ ಗೊತ್ತಾಗುತ್ತದೆ. ಪ್ರದರ್ಶನದ ದಿನ ಎತ್ತಿನ ಪಕ್ಕದಲ್ಲಿ ಅವನೇ ನಿಂತು, ಮಣ್ಣು ಎಲ್ಲಿಂದ ತಂದೆ, ಹೇಗೆ ಹದ ಮಾಡಿದೆ ಎಂದು ಬಂದವರಿಗೆ ಹೇಳಲು ಅವಕಾಶ ಕೊಡುವಂತೆ ಅವನ ಗುರುಗಳನ್ನು ಕೇಳಿಕೊಳ್ಳಿ.