ಅಸೋರಸ್‌ನಿಂದ ಅಮೆರಿಕಕ್ಕೆ ಬಂದ ಮುತ್ತಜ್ಜನ ಜ್ಞಾನಸ್ನಾನದ ದಾಖಲೆ ಸಿಗುತ್ತಿಲ್ಲ, ಎಲ್ಲಿ ಹುಡುಕಬೇಕು?
ನಿಮ್ಮ ಪತ್ನಿಯ ಮುತ್ತಜ್ಜ ಮನುಎಲ್ ಪೆರ್ರಿ ಪೋರ್ಚುಗಲ್‌ಗೆ ಸೇರಿದ ಅಸೋರಸ್ ದ್ವೀಪಗಳಲ್ಲೊಂದಾದ ಸಾವೊ ಮಿಗೆಲ್‌ನ ರಿಬೆಯ್ರಾ ಗ್ರಾಂಡೆಯಲ್ಲಿ 1885ರಲ್ಲಿ ಹುಟ್ಟಿ ಮೆಸಾಚುಸೆಟ್ಸ್‌ನ ಫಾಲ್ ರಿವರ್‌ಗೆ ಬಂದವರು, ಆ ವರ್ಷದ ಚರ್ಚ್ ಪುಸ್ತಕದಲ್ಲಿ ಅವರಿಲ್ಲ ಎಂದಿದ್ದೀರಿ. ದಾಖಲೆ ಕಳೆದುಹೋಗಿದೆ ಎಂದು ಈಗಲೇ ಕೈಚೆಲ್ಲಬೇಡಿ.

ಮೊದಲು ಅಡ್ಡಹೆಸರು ಹಿಡಿದು ಹುಡುಕುವುದನ್ನು ನಿಲ್ಲಿಸಿ. ಪೆರ್ರಿ ಎನ್ನುವುದು ಹೆಚ್ಚಾಗಿ ಪೆರೇರಾಗೆ ಅಮೆರಿಕದಲ್ಲಿ ಬಂದ ರೂಪ. ಪುಸ್ತಕದಲ್ಲಿ ಪೆರೇರಾ ಕೂಡ ಇರಲಿಕ್ಕಿಲ್ಲ, ಏಕೆಂದರೆ ಪಾದ್ರಿ ಮಗುವಿಗೆ ಬರೆಯುತ್ತಿದ್ದುದು ಸಾಮಾನ್ಯವಾಗಿ ಮೊದಲ ಹೆಸರಷ್ಟೇ. ಅಡ್ಡಹೆಸರು ಬೆಳೆದ ಮೇಲೆ ತಂದೆಯ ಕಡೆಯಿಂದಲೋ ತಾಯಿಯ ಕಡೆಯಿಂದಲೋ ಅಜ್ಜನಿಂದಲೋ ಬರುತ್ತಿತ್ತು. ಪುಸ್ತಕಕ್ಕೆ ಹೆಸರುಪಟ್ಟಿ ಇದ್ದರೂ ಅದು ಬಹುಪಾಲು ಮೊದಲ ಹೆಸರಿನ ಕ್ರಮದಲ್ಲೇ ಇರುತ್ತದೆ.

ಹಾಗಾಗಿ ಗುರುತು ಹತ್ತುವುದು ತಂದೆ-ತಾಯಿಯ ಹೆಸರಿನಿಂದ. ಅದನ್ನು ಅಮೆರಿಕದಲ್ಲೇ ಹುಡುಕಿ. ಮೆಸಾಚುಸೆಟ್ಸ್‌ನ ಮದುವೆ ನೋಂದಣಿಯಲ್ಲಿ ಮದುಮಗನ ತಂದೆ-ತಾಯಿ ಇಬ್ಬರ ಹೆಸರೂ ಇರುತ್ತವೆ. ಮನುಎಲ್ ಅಲ್ಲಿನ ಪೋರ್ಚುಗೀಸರ ಚರ್ಚಿನಲ್ಲಿ ಮದುವೆಯಾಗಿದ್ದರೆ ಅಲ್ಲಿನ ಪುಸ್ತಕ ಇನ್ನೂ ಒಳ್ಳೆಯದು, ಹುಟ್ಟಿದ ಧರ್ಮಕೇಂದ್ರವನ್ನೂ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಅಲ್ಲಿ ಬರೆದಿರುವುದುಂಟು. ಮರಣಪತ್ರವನ್ನು ಮಾತ್ರ ಅಷ್ಟಾಗಿ ನಂಬಬೇಡಿ, ಮಾಹಿತಿ ಕೊಟ್ಟ ಮಕ್ಕಳು ಅಜ್ಜ-ಅಜ್ಜಿಯನ್ನು ನೋಡಿಯೇ ಇರುವುದಿಲ್ಲ.

ಊರಿನದೂ ಒಂದು ತೊಡಕಿದೆ. ರಿಬೆಯ್ರಾ ಗ್ರಾಂಡೆ ಎಂದರೆ ಪಟ್ಟಣವೂ ಹೌದು, ನಮ್ಮ ತಾಲೂಕಿನಂಥ ಆಡಳಿತ ವಿಭಾಗವೂ ಹೌದು. ಆ ವಿಭಾಗದೊಳಗಿನ ರಾಬೊ ದ ಪೇಶ್ ಎಂಬ ಊರಿನವನೂ ಹೊರಗಿನವರಿಗೆ ಹಾಗೆಯೇ ಹೇಳಿರಬಹುದು. ಟೊಂಬೊ (tombo.pt) ಎಂಬ ಜಾಲತಾಣದಲ್ಲಿ ಧರ್ಮಕೇಂದ್ರವಾರು ಪುಸ್ತಕಗಳ ಕೊಂಡಿಗಳಿವೆ. ಪಟ್ಟಣದಿಂದ ಶುರುಮಾಡಿ ಅಕ್ಕಪಕ್ಕದವನ್ನೂ ನೋಡಿ. ವರ್ಷವನ್ನು 1880ರಿಂದ 1890ರವರೆಗೆ ಹಿಗ್ಗಿಸಿ, ಅಮೆರಿಕದ ಕಾಗದಗಳಲ್ಲಿ ವಯಸ್ಸು ಅಂದಾಜಿನದೇ ಹೆಚ್ಚು. '7ಬ್ರೊ' ಎಂದು ಕಂಡರೆ ಅದು ಜುಲೈ ಅಲ್ಲ, ಸೆಪ್ಟೆಂಬರ್ (ಪೋರ್ಚುಗೀಸಿನಲ್ಲಿ ಸೆಟೆ ಎಂದರೆ ಏಳು, ಇದು ಸೆಟೆಂಬ್ರೊದ ಸಂಕ್ಷೇಪ).

ಮನುಎಲ್ ಸಿಗದಿದ್ದರೆ ಅದೇ ತಂದೆ-ತಾಯಿಯ ಬೇರೆ ಮಕ್ಕಳನ್ನು ಹುಡುಕಿ. 1860ರಿಂದೀಚೆಗಿನ ಜ್ಞಾನಸ್ನಾನ ದಾಖಲೆಯ ನಮೂನೆಯಲ್ಲಿ ಎರಡೂ ಕಡೆಯ ಅಜ್ಜ-ಅಜ್ಜಿಯರ ಹೆಸರಿರುತ್ತವೆ, ತಂದೆ-ತಾಯಿ ಎಲ್ಲಿಯವರೆಂದೂ ಇರುತ್ತದೆ. ಒಡಹುಟ್ಟಿದವರ ಒಂದು ದಾಖಲೆ ಸಿಕ್ಕರೂ ಮುಂದೆ ಯಾವ ಧರ್ಮಕೇಂದ್ರ ನೋಡಬೇಕೆಂದು ತಿಳಿಯುತ್ತದೆ.

ಸಾವೊ ಮಿಗೆಲ್‌ನ ಮುಖ್ಯ ಪಟ್ಟಣವಾದ ಪೊಂಟಾ ಡೆಲ್ಗಾಡಾದ ಪಾಸ್‌ಪೋರ್ಟ್ ದಾಖಲೆಗಳನ್ನೂ ನೋಡಿ. ಅಲ್ಲಿ ಇಲ್ಲದಿದ್ದರೆ ಗಾಬರಿಯಾಗಬೇಡಿ, ಸೈನ್ಯದ ಸೇವೆ ತಪ್ಪಿಸಿಕೊಳ್ಳಲು ಕದ್ದು ಹಡಗು ಹತ್ತಿದ ಯುವಕರು ಬಹಳ.

ಒಂದೇ ತಂದೆ-ತಾಯಿಗೆ ಇಬ್ಬರು ಮನುಎಲ್ ಸಿಕ್ಕರೆ ಮರಣ ಪುಸ್ತಕವನ್ನೂ ತಿರುವಿ. ಮೊದಲ ಮಗು ತೀರಿಹೋದರೆ ಅದೇ ಹೆಸರನ್ನು ಮುಂದಿನ ಮಗುವಿಗೆ ಇಡುತ್ತಿದ್ದರು, ನಿಮಗೆ ಬೇಕಾದವನು ಎರಡನೆಯವನಿರಬಹುದು.