ಓದುಗರ ಪ್ರಶ್ನೆ, ನಮ್ಮ ಉತ್ತರ: ಹುತ್ತರಿಗೆ ಬಂದವರು ಮರುದಿನವೇ ಹೊರಟರೆ

ಪ್ರಶ್ನೆ: ನನಗೀಗ 72 ವರ್ಷ. ಮಡಿಕೇರಿ ತಾಲ್ಲೂಕಿನಲ್ಲಿ ಕಾಫಿ ತೋಟ, ಸ್ವಲ್ಪ ಗದ್ದೆ ಇದೆ. ಮಗ ಬೆಂಗಳೂರಿನಲ್ಲಿದ್ದಾನೆ, ಮಗಳು ವಿದೇಶದಲ್ಲಿದ್ದಾಳೆ. ಹಿಂದೆ ಎಡಮ್ಯಾರ್ (ಕೊಡವರ ವರ್ಷದ ಮೊದಲ ತಿಂಗಳು) ತಿಂಗಳ ಮೊದಲ ದಿನ ಗದ್ದೆಗೆ ನೇಗಿಲು ಇಳಿಸುವಲ್ಲಿಂದ ಹಿಡಿದು ಸುಗ್ಗಿಯ ಹಬ್ಬವಾದ ಹುತ್ತರಿಯ ಕದಿರು ಮನೆಗೆ ತರುವವರೆಗೆ ಅಂಗಳದಲ್ಲಿ ಜನವಿರುತ್ತಿದ್ದರು. ಈಗ ಮಕ್ಕಳು ಹುತ್ತರಿಗಷ್ಟೇ ಬಂದು ಮರುದಿನವೇ ಹೊರಡುತ್ತಾರೆ. 2018ರ ಆಗಸ್ಟ್ ನಂತರ ಪತ್ನಿಗೆ ಮಳೆಗಾಲದಲ್ಲಿ ನಿದ್ದೆ ಬರುವುದಿಲ್ಲ. ತೋಟ ಮಾರೋಣ ಎನ್ನುತ್ತಾಳೆ. ಕುಟುಂಬ ಎನ್ನುವುದು ಇಷ್ಟಕ್ಕೇ ಮುಗಿಯಿತೇ?

ಉತ್ತರ: ನಿಮ್ಮ ಪತ್ರ ಇನ್ನೂ ಉದ್ದವಿತ್ತು; ಅದರಲ್ಲಿ ತೋಟಕ್ಕೆ ಎರಡು ಪುಟ ಸಿಕ್ಕಿದ್ದರೆ, ಪತ್ನಿಯ ನಿದ್ದೆಗೆ ಸಿಕ್ಕಿರುವುದು ಒಂದೇ ಸಾಲು. ಆದ್ದರಿಂದ ಮೊದಲು ಆ ಸಾಲಿಗೆ ಉತ್ತರಿಸುತ್ತೇವೆ. ಆ ವರ್ಷ ಗುಡ್ಡ ಜಾರಿದ ಸದ್ದನ್ನು ಕೇಳಿದವರಿಗೆ, ಅಥವಾ ಪಕ್ಕದೂರಿನವರು ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಕ್ಕೆ ಬಂದದ್ದನ್ನು ನೋಡಿದವರಿಗೆ, ರಾತ್ರಿಯಿಡೀ ಹೆಂಚಿನ ಮೇಲೆ ಮಳೆ ಸುರಿಯುವಾಗ ಎಚ್ಚರವಾಗಿರುವುದು ದೌರ್ಬಲ್ಯವಲ್ಲ. ಆದರೆ ಭಯ ಹೆಚ್ಚುವುದು ಮಳೆಯ ತಿಂಗಳುಗಳಲ್ಲಿ; ಅದಕ್ಕಾಗಿ ವರ್ಷವಿಡೀ ಬಾಳಿದ ಮನೆಯನ್ನು ಮಾರಬೇಕಾಗಿಲ್ಲ. ಜೂನ್ ಕೊನೆಗೆ ಇಬ್ಬರೂ ಮಗನ ಮನೆಗೆ ಹೋಗಿ, ಸೆಪ್ಟೆಂಬರ್ ಆರಂಭದ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಹೊತ್ತಿಗೆ, ಕೋವಿಗೆ ತೋಕ್ ಹೂವು ಮುಡಿಸಲು, ಹಿಂದಿರುಗಿ ಬನ್ನಿ. ನಾಟಿಯ ಕಾಲದಲ್ಲಿ ಯಜಮಾನ ಊರಲ್ಲಿಲ್ಲದಿದ್ದರೆ ಹೇಗೆ ಎಂದು ನೀವು ಕೇಳಬಹುದು. ಗದ್ದೆಯನ್ನು ಗುತ್ತಿಗೆಗೆ ಕೊಟ್ಟಿರುವುದಾಗಿ ನೀವೇ ಬರೆದಿದ್ದೀರಿ. ಈ ವಯಸ್ಸಿನಲ್ಲಿ ಬದುವಿನ ಮೇಲೆ ಕೊಡೆ ಹಿಡಿದು ನಿಲ್ಲುವುದರಿಂದ ಆಗುವ ಉಪಕಾರ ಅಷ್ಟರಲ್ಲೇ ಇದೆ.

ಇನ್ನು ಮಕ್ಕಳ ವಿಷಯ. ಹುತ್ತರಿಯ ದಿನ ನೆರೆ (ಕದಿರಿನೊಂದಿಗೆ ಕಟ್ಟುವ ಎಲೆಗಳ ಕಟ್ಟು) ಕಟ್ಟಲು ಎಲೆ ಜೋಡಿಸುವವರು, ಕುಡುಗೋಲು ಹಿಡಿದು ಕದಿರು ಕೊಯ್ಯುವವರು, ಕೋವಿ ಹಾರಿಸುವವರು, ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯ ದೀಪಕ್ಕೆ ಎಣ್ಣೆ ಹಾಕುವವರು ಎಲ್ಲವೂ ನೀವೇ ಎಂಬುದು ಪತ್ರದಿಂದ ತಿಳಿಯುತ್ತದೆ. ಹಾಗಾದರೆ ಅಲ್ಲಿಗೆ ಬಂದ ಮಗನಿಗೆ ‘ಪೊಲಿ ಪೊಲಿ ದೇವಾ’ ಎಂದು ಕೂಗಿ, ತಂಬಿಟ್ಟು ತಿಂದು, ಮೊಬೈಲಿನಲ್ಲಿ ಚಿತ್ರ ತೆಗೆಯುವುದನ್ನು ಬಿಟ್ಟು ಬೇರೇನು ಉಳಿಯಿತು? ಅವನು ನೆಂಟನಂತೆ ಬರುತ್ತಾನೆ, ನೆಂಟನಂತೆ ಹೊರಡುತ್ತಾನೆ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಹುತ್ತರಿಯ ಮುಹೂರ್ತ ಗೊತ್ತಾದ ದಿನವೇ ಅವನಿಗೆ ಫೋನ್ ಮಾಡಿ, ‘ಈ ಸಲ ಬರುತ್ತೀಯಾ’ ಎಂದು ಕೇಳದೆ, ‘ಈ ಸಲ ಕದಿರು ಕೊಯ್ಯುವವನು ನೀನು, ಎಲೆ ತರಬೇಕಾದ್ದರಿಂದ ಎರಡು ದಿನ ಮುಂಚೆ ಬಾ’ ಎಂದು ಹೇಳಿ. ಮಗಳು ಬರಲಾಗದಿದ್ದರೆ, ಕಾರಣಂಗ್ ಕೊಡ್ಪ ದಿನ ಹಿರಿಯರಿಗೆ ಇಡುವ ಎಡೆಯಲ್ಲಿ ಏನೇನಿರಬೇಕು ಎಂಬ ಪಟ್ಟಿಯನ್ನು ತಾಯಿಯಿಂದ ಕೇಳಿ ಬರೆದಿಡುವ ಕೆಲಸ ಅವಳದಾಗಲಿ. ಮೊದಲ ವರ್ಷ ಕೆಲಸ ಕೆಡುತ್ತದೆ. ನೆರೆ ಕಟ್ಟುವಾಗ ಯಾವುದಾದರೊಂದು ಎಲೆ ತಪ್ಪಿಹೋಗುತ್ತದೆ. ಆಗ ಸುಮ್ಮನಿರುವುದು ನಿಮಗೆ ಗದ್ದೆ ಕೆಲಸಕ್ಕಿಂತ ಕಷ್ಟವಾಗಬಹುದು. ಒಕ್ಕದ (ಮನೆತನದ) ಹಿರಿಯ ಬದುಕಿರುವಾಗಲೇ ಕೆಲಸ ಕೈ ಬದಲಾಯಿಸಿದರೆ ತಿದ್ದಲು ಅವನಾದರೂ ಇರುತ್ತಾನೆ. ಆಮೇಲಾದರೆ ಕೇಳಲು ಯಾರೂ ಇರುವುದಿಲ್ಲ.

ಪ್ರಶ್ನೆ: ನಾಪೋಕ್ಲಿನಲ್ಲಿರುವ ನನ್ನ ಅಜ್ಜಿಗೆ 84 ವರ್ಷ. ಇತ್ತೀಚೆಗೆ ಮರೆವು ಹೆಚ್ಚಾಗಿದೆ. ಅವರ ಹಳೆಯ ನೆನಪುಗಳನ್ನು ಧ್ವನಿಮುದ್ರಿಸಬೇಕೆಂದು ಕುಳಿತರೆ ‘ಏನೂ ನೆನಪಿಲ್ಲ’ ಎನ್ನುತ್ತಾರೆ. ಏನು ಮಾಡಲಿ? (ಓದುಗಳು, ಮೈಸೂರು)

ಉತ್ತರ: ಮೊದಲು ವೈದ್ಯರ ಬಳಿ ಹೋಗಿ. ‘ವಯಸ್ಸಾಯಿತಲ್ಲ’ ಎಂದು ಮರೆವನ್ನು ತಳ್ಳಿಹಾಕುವುದು ನಮ್ಮೆಲ್ಲರ ಮನೆಯ ಅಭ್ಯಾಸ. ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆ, ಖಿನ್ನತೆ, ಕೆಲವು ಮಾತ್ರೆಗಳ ಪರಿಣಾಮ, ಇವುಗಳಿಂದಲೂ ಮರೆವು ಬರುತ್ತದೆ, ಇವುಗಳಿಗೆ ಚಿಕಿತ್ಸೆಯೂ ಇದೆ. ಕಿವಿಯನ್ನೂ ಪರೀಕ್ಷಿಸಿ, ಸರಿಯಾಗಿ ಕೇಳಿಸದೆ ಉತ್ತರಿಸದಿರುವುದು ಎಷ್ಟೋ ಸಲ ಮರೆವಿನಂತೆ ಕಾಣುತ್ತದೆ.

ಎದುರಿಗೆ ಯಂತ್ರವಿಟ್ಟು ‘ನಿಮ್ಮ ಕಾಲದ ಬಗ್ಗೆ ಹೇಳಿ’ ಎಂದರೆ ನಮಗೂ ಮಾತು ಹೊರಡುವುದಿಲ್ಲ. ಇಸವಿ ಕೇಳಬೇಡಿ, ಕೆಲಸ ಕೇಳಿ. ಕಕ್ಕಡ ತಿಂಗಳ 18ನೆಯ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಅಜ್ಜಿಯ ಮನೆಗೆ ಹೋಗಿ ಆ ದಿನದ ಪಾಯಸಕ್ಕೆ ಬಳಸುವ ಮದ್ದುಸೊಪ್ಪನ್ನು ನೀವೇ ಕುದಿಸಿ. ನೀರು ನೇರಳೆ ಬಣ್ಣಕ್ಕೆ ತಿರುಗಿ, ಅದರ ಘಮ ಅಡುಗೆಮನೆಯಿಂದ ಜಗುಲಿಗೆ ಬರುವಾಗ ಬೆಲ್ಲ ಎಷ್ಟು, ತೆಂಗಿನ ಹಾಲು ಯಾವಾಗ ಎಂದು ಕೇಳಿ; ಬೇಕೆಂದೇ ಸ್ವಲ್ಪ ತಪ್ಪು ಮಾಡಿದರೂ ಅಡ್ಡಿಯಿಲ್ಲ. ಪಾಯಸ ತಿಂದ ಮರುದಿನ ಮೂತ್ರ ಕೆಂಪಾದದ್ದನ್ನು ಕಂಡು ಮನೆಗೆ ಹೊಸದಾಗಿ ಬಂದ ಯಾವ ಅಳಿಯ ಗಾಬರಿಯಾಗಿದ್ದ ಎಂಬಂತಹ ಕಥೆ ಕೊಡಗಿನ ಬಹುತೇಕ ಅಜ್ಜಿಯರ ಬಳಿ ಇರುತ್ತದೆ, ಅದರ ಹಿಂದೆಯೇ ಇನ್ನಷ್ಟು ಕಥೆಗಳು ಬರುತ್ತವೆ. ಇತ್ತೀಚಿನದನ್ನು ಮರೆತವರಲ್ಲಿಯೂ ಹಳೆಯ ನೆನಪು ಬಹುಕಾಲ ಉಳಿದಿರುವುದು ಸಾಮಾನ್ಯ. ಒಂದೇ ಕಥೆಯನ್ನು ಎರಡನೆಯ ಸಲ ಹೇಳಿದರೆ ತಡೆಯಬೇಡಿ, ಹೊಸ ಹೆಸರೊಂದು ಸೇರಿಕೊಂಡಿರಬಹುದು.

ಪ್ರಶ್ನೆ: ನನ್ನ ಸ್ವಯಾರ್ಜಿತ ತೋಟವನ್ನು ಮಗನ ಹೆಸರಿಗೆ ದಾನಪತ್ರ ಮಾಡಿಕೊಡಬೇಕೆಂದಿದ್ದೇನೆ. ಮುಂದೆ ಅವನು ನೋಡಿಕೊಳ್ಳದಿದ್ದರೆ? (ಓದುಗರು, ಗೋಣಿಕೊಪ್ಪಲು)

ಉತ್ತರ: 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 23ನೆಯ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನೊಂದಿಗೆ ಕೊಟ್ಟ ಆಸ್ತಿಯನ್ನು, ಆ ಷರತ್ತು ಮುರಿದರೆ, ರದ್ದುಪಡಿಸುವಂತೆ ಕೇಳಬಹುದು, ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಕೊಡಬೇಕು. ಷರತ್ತು ಬಾಯಿಮಾತಿನಲ್ಲಿದ್ದರೆ ಸಾಬೀತುಪಡಿಸುವುದು ಕಷ್ಟ, ಪತ್ರದಲ್ಲೇ ಸ್ಪಷ್ಟವಾಗಿ ಬರೆಸಿ. ಅದರಲ್ಲಿ ಕೊಡಗಿನ ವಂಶಪಾರಂಪರ್ಯದ ಜಮ್ಮಾ ಜಮೀನೇನಾದರೂ ಸೇರಿದ್ದರೆ ಒಕ್ಕದ ಉಳಿದವರ ಹಕ್ಕನ್ನು ವಕೀಲರಿಂದ ಮೊದಲೇ ನೋಡಿಸಿ. ಷರತ್ತಿನ ಮಾತೆತ್ತಿದಾಗ ಮಗ ಮುನಿಸಿಕೊಂಡರೆ ದಾನಪತ್ರವನ್ನು ಅಲ್ಲಿಗೇ ಬಿಟ್ಟು, ಇಬ್ಬರು ಸಾಕ್ಷಿಗಳೆದುರು ಉಯಿಲು ಬರೆಯಿರಿ. ಅದನ್ನು ನೀವು ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು.